ಶಾಸಕರೇ, ನಮ್ಮ ದಾರಿ ಬಿಡಿಸಿಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಹೋದ ವಾರ ಪಂಚಾಯ್ತಿಯಿಂದ ನೋಟಿಸ್ ಬಂತು. ನಮ್ಮ ಕೊಟ್ಟಿಗೆ ಹಿಂದಿನ ಗೊಬ್ಬರಗುಂಡಿ ವಾಸನೆ ಬರುತ್ತಿದೆಯಂತೆ, ಪಕ್ಕದ ಹೋಂಸ್ಟೇಯ ಅತಿಥಿಗಳಿಗೆ ತೊಂದರೆಯಂತೆ. ಏಳು ದಿನದಲ್ಲಿ ಮುಚ್ಚಬೇಕಂತೆ. ಆ ಗುಂಡಿ ನನ್ನಜ್ಜ ತೋಡಿದ್ದು. ಹೋಂಸ್ಟೇ ಬಂದು ಮೂರು ವರ್ಷ. ಅಡಿಕೆ ಮರದ ಬುಡಕ್ಕೆ ಇನ್ನು ಏನು ಹಾಕಲಿ, ರೂಮ್ ಫ್ರೆಶ್ನರಾ?

ಇರಲಿ. ನನ್ನ ದೂರು ಗುಂಡಿಯದಲ್ಲ, ದಾರಿಯದು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದರು. ಬೇಸಾಯ ಮಾಡದವರೂ ಜಮೀನು ಕೊಳ್ಳಬಹುದು ಅಂತಾಯಿತು. ನಮ್ಮ ಕಡೆ ಮಕ್ಕಳು ಬೆಂಗಳೂರು ಸೇರಿದವರು ಮಾರಿದರು, ಎಲೆಚುಕ್ಕೆ ರೋಗಕ್ಕೆ ಸೋತವರೂ ಮಾರಿದರು. ಅವರನ್ನು ಬೈಯಲಾರೆ. ಕೊಂಡವರೆಲ್ಲ ಕೆಟ್ಟವರೂ ಅಲ್ಲ. ಮೇಲಿನ ಕೇರಿಗೆ ಬಂದ ಗಂಡ ಹೆಂಡತಿ, ಗುಡ್ಡದ ಅಬ್ಬಿಯಿಂದ ಬರುವ ನೀರಿನ ಪೈಪ್ ಕಟ್ಟಿಕೊಂಡರೆ ನಮಗಿಂತ ಮುಂಚೆ ಗುಡ್ಡ ಹತ್ತುತ್ತಾರೆ.

ನಮ್ಮ ಪಕ್ಕದ ಹೋಂಸ್ಟೇಯವರು ಮಾತ್ರ ಬಂದವರೇ ದಣಪೆ ಕಿತ್ತು ಕಬ್ಬಿಣದ ಗೇಟ್ ಹಾಕಿದರು. ದಣಪೆ ದನ ತಡೆಯೋಕೆ. ಮನುಷ್ಯರು ಗಳ ಸರಿಸಿ ದಾಟಿಕೊಳ್ಳುತ್ತಿದ್ದರು. ಈ ಗೇಟಿಗೆ ಬೀಗ. ನಮ್ಮ ಮೂರು ಮನೆಗೆ ಗಾಡಿ ಬರುವ ದಾರಿ ಅದೊಂದೇ. ಗ್ರಾಮ ನಕಾಶೆಯಲ್ಲೂ ಇದೆ. ನಕಾಶೆಯ ದಾರಿ ಮುಚ್ಚಬಾರದು ಅಂತ ನಿಮಗೆ ಗೊತ್ತೇ ಇದೆ.

ಹೋದ ಆಷಾಢದಲ್ಲಿ, ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಉಸಿರು ಕಟ್ಟಿತು. ಗೇಟಿಗೆ ಓಡಿದೆ. ಒಳಗೆ ಸ್ಪೀಕರ್ ಅಬ್ಬರ. (ಹತ್ತು ಗಂಟೆ ಮೇಲೆ ಹಾಕಬಾರದು ಅಂತ ನಾನು ಹೇಳಬೇಕಾ?) ಕಾವಲು ಹುಡುಗ, ಪಾಪ, ಕೀ ಮ್ಯಾನೇಜರ್ ಹತ್ತಿರ ಅಂದ. ಮ್ಯಾನೇಜರ್ ಪೇಟೆಗೆ ಹೋಗಿದ್ದ. ಓನರ್‌ಗೆ ಫೋನ್ ಮಾಡಿದರೆ, "ಗೆಸ್ಟ್ ಇದ್ದಾರೆ, ಬೆಳಿಗ್ಗೆ ಮಾತಾಡೋಣ ಸಾರ್" ಅಂದರು.

ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಸುತ್ತಿ, ನಾಲ್ಕು ಜನ ಗದ್ದೆ ಅಂಚಿನ ಮೇಲೆ ಹೊತ್ತೆವು. ಹಳ್ಳದ ಸಂಕ ದಾಟುವಾಗ ನನ್ನ ಕಾಲು ಜಾರಿತು. ಆ ಉಸಿರಲ್ಲೂ ಅಮ್ಮ, "ಕುರ್ಚಿ ಬಿಡ್ಬೇಡ ಮಾರಾಯ" ಅಂದಳು. ರಸ್ತೆ ಮುಟ್ಟಲು ಒಂದು ಗಂಟೆ. ಅಮ್ಮ ಉಳಿದಳು. ಈಗ ಮಳೆ ಜೋರಾದರೆ ಸಾಕು, "ಗೇಟ್ ತೆಗ್ದಿದಾರಾ ನೋಡ್ಕೊಂಡ್ ಬಾ" ಅನ್ನುತ್ತಾಳೆ.

ಅರ್ಜಿ ಕೊಟ್ಟು ಎರಡು ವರ್ಷ. ಸರ್ವೆಯವರು ಒಮ್ಮೆ ಬಂದು, ಹೋಂಸ್ಟೇಯಲ್ಲಿ ಕಾಫಿ ಕುಡಿದು ಹೋದರು. ನಿಮ್ಮ ಮನೆಗೂ ನಾಲ್ಕು ಸಲ ಬಂದೆ. ನಾಲ್ಕು ಸಲವೂ "ನೋಡೋಣ" ಅಂದಿರಿ. ವಾಸನೆಗಾದರೆ ಹತ್ತೇ ದಿನದಲ್ಲಿ ನೋಟಿಸ್! ಅವರ ಮೂಗಿಗಿರುವ ಬೆಲೆ ನಮ್ಮ ಕಾಲಿಗಿಲ್ಲ, ಅಲ್ವಾ?

ಹೋಂಸ್ಟೇ ಮುಚ್ಚಿಸಿ ಅಂತ ಕೇಳುತ್ತಿಲ್ಲ. ದಾರಿ ಬಿಡಿಸಿಕೊಡಿ. ಪರಿಹಾರ ಬೇಡ, ಸುಮ್ನೆ ಸಮಾಧಾನದ ಮಾತೂ ಬೇಡ. ದಾರಿ ಬಿಡಿಸಿಕೊಡಿ.

ಬರುವ ಭಾನುವಾರ ಅಲ್ಲೇ ಏನೋ ಮಳೆ ಹಬ್ಬವಂತೆ, ಉದ್ಘಾಟನೆಗೆ ನೀವಂತೆ. ಬ್ಯಾನರ್ ಗೇಟಿಗೇ ಕಟ್ಟಿದ್ದಾರೆ. ಅವತ್ತು ನಿಮ್ಮ ಕಾರಿಗೆ ಬೀಗ ತೆಗೆಯುತ್ತಾರೆ. ವಾಪಸ್ ಹೋಗುವಾಗ ಆ ಬೀಗ ನಿಮ್ಮ ಜೊತೆ ಒಯ್ಯಿರಿ.

ಇಂತಿ,
ಗೇಟಿನ ಆಚೆ ಮೂರು ಮನೆಗಳ ಪರವಾಗಿ, ನಿಮ್ಮೊಬ್ಬ ಮತದಾರ