ಮಗಳಿಗೊಂದು ಪತ್ರ: ಹೊರಡುವ ಹಕ್ಕಿ, ಗೂಡು ಕಟ್ಟುವ ಹಕ್ಕಿ

ಪ್ರೀತಿಯ ಪುಟ್ಟಿ,

ಸರಸ್ವತಿಪುರಂನ ಹೊಸ ಮನೆಗೆ ಹಿತ್ತಿಲಿದೆ, ಅಲ್ಲಿ ಕರಿಬೇವು, ಸೀಬೆ, ಎರಡು ಬಾಳೆ, ಬೇಲಿಯ ಪಕ್ಕ ಒಂದು ದಾಸವಾಳ ಇದೆ ಅಂತ ಹೇಳಿದೆಯಲ್ಲ, ಹಕ್ಕಿ ನೋಡುವುದಕ್ಕೆ ಅಷ್ಟು ಧಾರಾಳವಾಯಿತು. ಯುಗಾದಿ ಹತ್ತಿರ ಬಂತು. ಮೈಸೂರಿನಲ್ಲಿ ಹಕ್ಕಿ ನೋಡಲು ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಗಂಡುಗಳು ಬಾಯಿಬಿಟ್ಟು ಹಾಡುತ್ತಿವೆ, ಎಷ್ಟೋ ಮರಗಳು ಎಲೆ ಉದುರಿಸಿ ಹೂ ಹೊತ್ತಿವೆ, ಕೊಂಬೆಯ ಮೇಲೆ ಕೂತದ್ದು ಕಣ್ಣಿಗೆ ಬೀಳುತ್ತದೆ.

ಮೊದಲು ಒಂದು ಮಾತು ತಿಳಿದುಕೋ. ಚಳಿದೇಶಗಳಲ್ಲಿ ವಸಂತ ಎಂದರೆ ಹಕ್ಕಿ ಬರುವ ಕಾಲ. ನಮ್ಮಲ್ಲಿ ಅದು ಬಹುಪಾಲು ಹೊರಡುವ ಕಾಲ. ನಂಜನಗೂಡು ಬಳಿಯ ಹದಿನಾರು ಕೆರೆಯಲ್ಲಿ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾದ ಕಡೆ ಹೋಗುತ್ತವೆ. ಗುಲಾಬಿ ಕಬ್ಬಕ್ಕಿಗಳ ಹಿಂಡು ಮಧ್ಯ ಏಷ್ಯಾದತ್ತ ತಿರುಗುತ್ತದೆ. ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳು ದಿನದಿನಕ್ಕೆ ಕಡಿಮೆಯಾಗುತ್ತವೆ. ಅದೇ ಹೊತ್ತಿಗೆ ಊರಿನಲ್ಲೇ ಇರುವ ಪಿಕಳಾರ (ಬುಲ್‌ಬುಲ್), ಹೂವಿನ ಜೇನು ಹೀರುವ ಸೂರಕ್ಕಿ, ಎಲೆ ಹೊಲಿದು ಗೂಡು ಮಾಡುವ ಟುವ್ವಿ, ಮಡಿವಾಳ ಹಕ್ಕಿ ಎಲ್ಲವೂ ಗೂಡಿನ ಕೆಲಸಕ್ಕೆ ಇಳಿದಿರುತ್ತವೆ. ಒಂದು ಮನೆಯಲ್ಲಿ ನೆಂಟರು ಗಂಟು ಕಟ್ಟುತ್ತಿದ್ದರೆ ಮನೆಯವರು ಬಾಣಂತನಕ್ಕೆ ಅಣಿಯಾದ ಹಾಗೆ. ಈ ಎರಡನ್ನೂ ಒಟ್ಟಿಗೆ ನೋಡಲು ಕಲಿತರೆ ಹಿತ್ತಿಲಿನಲ್ಲಿ ಬೇಸರವೆಂಬುದೇ ಇರುವುದಿಲ್ಲ.

ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಕೊಳ್ಳು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ 10 ಅಥವಾ 12ರದ್ದು ಕೈಗೆ ಕೊಟ್ಟು ಇನ್ನೂ ದೊಡ್ಡದಾಗಿ ಕಾಣುತ್ತದೆ ಅನ್ನುತ್ತಾರೆ. ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ನೋಟದ ಅಗಲವೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಎಲೆಯಿಂದ ಎಲೆಗೆ ಜಿಗಿಯುವ ಸೂರಕ್ಕಿ ಅದರೊಳಗೆ ಸಿಕ್ಕುವುದು ಕಷ್ಟ. ತಂದ ದಿನವೇ ಹೊಂದಿಸಿಕೋ: ಎರಡು ಕೊಳವೆಗಳನ್ನು ಮಡಚಿ ಬಿಚ್ಚಿ, ಒಂದೇ ದುಂಡನೆಯ ಚಿತ್ರ ಕಾಣುವಲ್ಲಿ ನಿಲ್ಲಿಸು. ಆಮೇಲೆ ಬಲಗಣ್ಣು ಮುಚ್ಚಿ, ಮೂವತ್ತು ಅಡಿ ದೂರದ ಯಾವುದಾದರೂ ಬೋರ್ಡಿನ ಅಕ್ಷರವನ್ನು ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೋ. ಈಗ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿ ಇರುವ ಸಣ್ಣ ಬಳೆಯನ್ನು ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡು. ಆ ಬಳೆ ಎಲ್ಲಿ ನಿಂತಿತೋ ನೆನಪಿಟ್ಟುಕೋ, ಮತ್ತೆ ಅದನ್ನು ಮುಟ್ಟುವ ಅಗತ್ಯವಿಲ್ಲ. ನೀನು ಕನ್ನಡಕ ಹಾಕುವುದರಿಂದ ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಡು, ಇಲ್ಲದಿದ್ದರೆ ಸುತ್ತ ಕಪ್ಪು ಕಟ್ಟುತ್ತದೆ.

ಹೊಸಬರು ತಪ್ಪುವುದು ಒಂದೇ ಕಡೆ. ಹಕ್ಕಿ ಕಂಡ ತಕ್ಷಣ ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕುತ್ತಾರೆ, ಮತ್ತೆ ತಲೆಯೆತ್ತುವಾಗ ಕೊಂಬೆಯೂ ಇಲ್ಲ, ಹಕ್ಕಿಯೂ ಇಲ್ಲ. ಕಣ್ಣನ್ನು ಹಕ್ಕಿಯಿಂದ ಕದಲಿಸಬೇಡ. ಬೈನಾಕ್ಯುಲರನ್ನೇ ಕಣ್ಣಿಗೆ ತಂದುಕೋ. ಸೀಬೆ ಮರದ ಒಂದು ಕಾಯನ್ನು ಗುರಿಯಿಟ್ಟು ದಿನಕ್ಕೆ ಇಪ್ಪತ್ತು ಸಲ ಹೀಗೆ ಮಾಡು, ಒಂದು ವಾರದಲ್ಲಿ ಕೈಗೆ ಹತ್ತುತ್ತದೆ.

ಇನ್ನು ಹಿತ್ತಿಲು. ಕಾಳು ಚೆಲ್ಲಬೇಡ ಅಂತಲೇ ನನ್ನ ಅಭಿಪ್ರಾಯ. ಚೆಲ್ಲಿದರೆ ಪಾರಿವಾಳಗಳು ಸೇರಿಕೊಂಡು ಉಳಿದವಕ್ಕೆ ಜಾಗ ಬಿಡುವುದಿಲ್ಲ, ರಾತ್ರಿ ಇಲಿ ಬರುತ್ತದೆ. ಮಿಕ್ಕ ಅನ್ನ ಈ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ನೀರಿಡು, ಬೇಸಿಗೆಯಲ್ಲಿ ಅದೇ ದೊಡ್ಡ ಉಪಕಾರ. ಕುಂಬಾರರ ಹತ್ತಿರ ಸಿಗುವ ಅಗಲವಾದ ಮಣ್ಣಿನ ತಟ್ಟೆ, ಒಳಮೈ ಒರಟಾಗಿರಬೇಕು. ಮೆರುಗು ಹಚ್ಚಿದ್ದರೆ ಕಾಲು ಜಾರುತ್ತದೆ. ನೀರು ಎರಡು ಬೆರಳಿನಷ್ಟು, ಹೆಚ್ಚೆಂದರೆ 5 ಸೆಂಟಿಮೀಟರ್ ಆಳ ಇರಲಿ, ನಡುವೆ ನೀರಿನ ಮೇಲೆ ತಲೆಯೆತ್ತುವಂಥ ಕಲ್ಲೊಂದನ್ನಿಡು. ಆಳದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಅಳಿಲುಮರಿ, ಹಕ್ಕಿಮರಿ ಬಿದ್ದರೆ ಮೇಲೆ ಬರಲಾರವು. ಪ್ರತಿದಿನ ಬೆಳಿಗ್ಗೆ ಹಳೆಯ ನೀರನ್ನು ಗಿಡಕ್ಕೆ ಚೆಲ್ಲಿ ಹೊಸ ನೀರು ಹಾಕು. ಈ ಬಿಸಿಲಿಗೆ ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೆರಡು ಸಲ ತೆಂಗಿನ ನಾರಿನಿಂದ ತಿಕ್ಕು, ಸೋಪು ಬೇಡ. ತಟ್ಟೆಯನ್ನು ಮರದ ನೆರಳಲ್ಲಿಡು, ಆದರೆ ಪೊದೆಗೆ ಅಂಟಿಸಿ ಇಡಬೇಡ. ಏಳೆಂಟು ಅಡಿ ಬಯಲು ಬಿಟ್ಟರೆ ಹೊಂಚುವ ಬೆಕ್ಕು ಮೊದಲೇ ಕಣ್ಣಿಗೆ ಬೀಳುತ್ತದೆ. ಇಟ್ಟ ಮರುದಿನವೇ ಯಾರೂ ಬರುವುದಿಲ್ಲ. ಸಾಮಾನ್ಯವಾಗಿ ಕಾಗೆ, ಗೊರವಂಕ ಮೊದಲು ನೋಡಿಹೋಗುತ್ತವೆ, ಅವನ್ನು ನೋಡಿ ಉಳಿದವಕ್ಕೆ ಧೈರ್ಯ.

ಕರಿಬೇವನ್ನು ಕತ್ತರಿಸುತ್ತಲೇ ಇರಬೇಡ. ಒಂದು ಕೊಂಬೆಯಾದರೂ ಹಣ್ಣಾಗಲು ಬಿಡು, ಆ ಕಪ್ಪು ಹಣ್ಣಿಗೆ ಕೋಗಿಲೆಯೂ ಪಿಕಳಾರವೂ ಬರುತ್ತವೆ. ಬಾಳೆಯ ಮೂತಿಯನ್ನು ಪಲ್ಯಕ್ಕೆಂದು ಬೇಗ ಮುರಿಯಬೇಡ, ಅದರ ಜೇನಿಗೆ ಸೂರಕ್ಕಿ ದಿನಕ್ಕೆ ಹತ್ತಾರು ಸಲ ಬರುತ್ತದೆ. ಮೂಲೆಯ ಜೇಡರ ಬಲೆಯನ್ನು ಮಳೆಗಾಲದವರೆಗೂ ಗುಡಿಸಬೇಡ ಎಂದು ಕೆಲಸದವರಿಗೂ ಹೇಳು. ಸೂರಕ್ಕಿ ತನ್ನ ತೂಗುಗೂಡನ್ನು ಕಟ್ಟುವುದು ಆ ನೂಲಿನಿಂದ, ಟುವ್ವಿ ಎಲೆ ಹೊಲಿಯುವುದಕ್ಕೂ ಅದೇ ದಾರ.

ಈಗ ಕಿವಿಯ ವಿಷಯ. ವಸಂತದಲ್ಲಿ ಹತ್ತರಲ್ಲಿ ಏಳು ಹಕ್ಕಿ ಮೊದಲು ಕೇಳುತ್ತವೆ, ಆಮೇಲೆ ಕಾಣುತ್ತವೆ. ಕೋಗಿಲೆಯಿಂದಲೇ ಶುರುಮಾಡು. ಚೈತ್ರಕ್ಕೆ ಕೋಗಿಲೆ ಬರುತ್ತದೆ ಅನ್ನುತ್ತಾರೆ, ಅದು ವರ್ಷವಿಡೀ ಇಲ್ಲೇ ಇರುತ್ತದೆ. ಚಳಿಗಾಲದಲ್ಲಿ ಹೆಚ್ಚು ಬಾಯಿ ಬಿಡದೆ ಎಲೆಗಳ ಮರೆಯಲ್ಲಿರುತ್ತದೆ ಅಷ್ಟೆ. ಕುಹೂ ಎಂದು ಮೆಟ್ಟಿಲು ಹತ್ತಿದಂತೆ ಏರುತ್ತಾ ಕೂಗುವುದು ಗಂಡು, ಮೈಯೆಲ್ಲ ಹೊಳೆಯುವ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಮೈಗೆ ಬಿಳಿಯ ಚುಕ್ಕೆಯದು, ಕಿಕ್ ಕಿಕ್ ಕಿಕ್ ಎಂದು ಕಿರುಚುತ್ತದೆ. ಆ ಕಿರುಚಾಟದ ಬೆನ್ನಿಗೆ ಕಾಗೆಗಳ ಗಲಾಟೆ ಎದ್ದರೆ ಹತ್ತಿರದಲ್ಲೇ ಕಾಗೆಯ ಗೂಡಿದೆ ಎಂದು ತಿಳಿ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಸುಮಾರು ಮೂರು ದಿನ ಮೊದಲೇ ಒಡೆಯುತ್ತದೆ, ಹಾಗಾಗಿ ಮೊದಲ ತುತ್ತು ಆ ಮರಿಗೇ. ಮೇ, ಜೂನ್ ಹೊತ್ತಿಗೆ ಕಾಗೆಯ ಹಿಂದೆ ಬಾಯಿ ತೆರೆದುಕೊಂಡು ಹೋಗುವ ಕೋಗಿಲೆ ಮರಿಯನ್ನು ನೀನೇ ನೋಡಬಹುದು.

ಮಧ್ಯಾಹ್ನ ಎಲ್ಲವೂ ಸುಮ್ಮನಾದಾಗಲೂ ಟುಕ್ ಟುಕ್ ಟುಕ್ ಎಂದು ತಾಮ್ರದ ಚೆಂಬು ಬಡಿದಂತೆ ಕೇಳುವುದು ಚೆಂಬುಕುಟಿಗ. ನಿಮಿಷಕ್ಕೆ ನೂರಕ್ಕೂ ಮೀರಿ ಬಡಿಯುತ್ತದೆ. ಕೂಗುತ್ತಾ ತಲೆಯನ್ನು ಆಚೆ ಈಚೆ ತಿರುಗಿಸುವುದರಿಂದ ದನಿ ಒಮ್ಮೆ ಈ ಮರದಿಂದ, ಒಮ್ಮೆ ಆ ಮರದಿಂದ ಬಂದ ಹಾಗಾಗುತ್ತದೆ. ದನಿಯನ್ನು ನಂಬಿ ಅಲೆದಾಡಬೇಡ, ಒಣಗಿದ ತುದಿಕೊಂಬೆಗಳನ್ನು ಒಂದೊಂದಾಗಿ ನೋಡು. ಗುಬ್ಬಿಗಿಂತ ತುಸು ದೊಡ್ಡದು, ಹಸಿರು ಮೈ, ಹಣೆ ಕೆಂಪು, ಗಂಟಲು ಹಳದಿ. ಕುಟ್ರೂ ಕುಟ್ರೂ ಅನ್ನುವುದು ಅದರ ದಾಯಾದಿ ಕುಟ್ರುಹಕ್ಕಿ. ಅದರಲ್ಲಿ ಎರಡು ಬಗೆ, ದನಿಯಿಂದ ಬೇರ್ಪಡಿಸುವುದು ಕಷ್ಟ. ಕಣ್ಣಿನ ಕೆಳಗೆ ದಪ್ಪ ಬಿಳಿಪಟ್ಟಿ ಇದ್ದರೆ ಒಂದು, ಕಣ್ಣಿನ ಸುತ್ತ ಕೊಕ್ಕಿನವರೆಗೆ ಹಳದಿ ಬರಿಚರ್ಮ ಇದ್ದರೆ ಇನ್ನೊಂದು.

ಒಂದು ಎಚ್ಚರಿಕೆ: ಚಿಪ್ ಚಿಪ್ ಚಿಪ್ ಎಂದು ಬಿಡದೆ ಕೇಳುವ ಸದ್ದಿಗೆ ಹಕ್ಕಿ ಹುಡುಕಿಕೊಂಡು ಹೋದವರು ಬಹಳ. ಅದು ಅಳಿಲು. ಫೋನಿನಲ್ಲಿ ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಹಾಕಿಕೊಳ್ಳಬಹುದು, ಆದರೆ ಅದು ಹೇಳಿದ್ದನ್ನು ಸುಳಿವು ಎಂದು ತಿಳಿ, ಕಣ್ಣಾರೆ ಕಂಡ ಮೇಲೆ ಬರೆದುಕೋ. ಕಾಜಾಣ, ಎಲೆಹಕ್ಕಿಯಂಥವು ಬೇರೆಯವರ ದನಿ ಅನುಕರಿಸುತ್ತವೆ. ಅದೇ ಫೋನಿನಿಂದ ಹಕ್ಕಿಯ ಕೂಗನ್ನು ಹಾಕಿ ಕರೆಯುವುದು ಮಾತ್ರ ಬೇಡ, ಈ ತಿಂಗಳುಗಳಲ್ಲಂತೂ ಬೇಡವೇ ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಗಂಡು ಹಕ್ಕಿ ಮರಿಗೆ ಉಣಿಸುವುದನ್ನು ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತಾ ಸುಸ್ತಾಗುತ್ತದೆ.

ಗೂಡು ಕಂಡರೆ ದೂರದಿಂದ ಬೈನಾಕ್ಯುಲರಿನಲ್ಲಿ ನೋಡು, ಹತ್ತಿರ ಹೋಗಿ ಎಲೆ ಸರಿಸಬೇಡ. ನೀನು ಎಲ್ಲಿ ಬಗ್ಗಿ ನೋಡುತ್ತೀಯೋ ಅದನ್ನು ಕಾಗೆ, ಕೆಂಬೂತ ಗಮನಿಸುತ್ತವೆ. ಕೆಮ್ಮೀಸೆಯ ಪಿಕಳಾರ ಎದೆಯೆತ್ತರದ ದಾಸವಾಳದಲ್ಲೂ ಬಟ್ಟಲಿನಂಥ ಗೂಡು ಕಟ್ಟುತ್ತದೆ, ಎರಡೋ ಮೂರೋ ಮೊಟ್ಟೆ, ಕಾವು ಸುಮಾರು 12 ದಿನ, ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನದಲ್ಲಿ ಮರಿ ಹೊರಗೆ. ಅಂದರೆ ಬೇಲಿ ಕತ್ತರಿಸುವುದನ್ನು ಒಂದು ತಿಂಗಳು ಮುಂದೂಡಿದರೆ ಒಂದು ಸಂಸಾರ ದಡ ಸೇರುತ್ತದೆ. ಹೊರಬಂದ ಮರಿಗೆ ಕೆನ್ನೆಯ ಕೆಂಪು ಇನ್ನೂ ಇರುವುದಿಲ್ಲ, ಅದನ್ನು ಬೇರೆ ಜಾತಿ ಎಂದು ಬರೆದುಬಿಡಬೇಡ. ರೆಕ್ಕೆ ಬಂದ ಮರಿ ನೆಲದ ಮೇಲೆ ಕೂತಿದ್ದರೆ ಅನಾಥವೆಂದು ಮನೆಯೊಳಗೆ ತರಬೇಡ. ಬೆಕ್ಕಿದ್ದರೆ ಹತ್ತಿರದ ಕೊಂಬೆಯ ಮೇಲಿಟ್ಟು ನೀನು ಒಳಗೆ ಹೋಗು, ತಾಯಿ ಬರುತ್ತದೆ. ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಇನ್ನು ಸ್ಕೂಟರಿನ ಕನ್ನಡಿ: ಮಡಿವಾಳವೋ ಸೂರಕ್ಕಿಯೋ ತನ್ನ ಬಿಂಬದ ಜೊತೆ ಗಂಟೆಗಟ್ಟಲೆ ಜಗಳಕ್ಕೆ ನಿಂತರೆ, ಗಾಡಿ ನಿಲ್ಲಿಸಿದ ಕೂಡಲೇ ಕನ್ನಡಿಗೆ ಬಟ್ಟೆಯ ಚೀಲ ಹಾಕು.

ಸೂರಕ್ಕಿಗಳಲ್ಲಿ ಗಲಿಬಿಲಿ ಸಹಜ. ಹೊಟ್ಟೆ ಹಳದಿ, ಬೆನ್ನು ಕಂದುಗೆಂಪು ಇದ್ದರೆ ಒಂದು ಬಗೆಯ ಗಂಡು. ಪೂರ್ತಿ ಕಡುನೀಲಿ ಮಿಂಚಿದರೆ ಇನ್ನೊಂದು. ಈ ಎರಡನೆಯದು ಸಂತಾನದ ಕಾಲ ಮುಗಿದ ಮೇಲೆ ಬಣ್ಣ ಕಳಚಿ ಹೆಣ್ಣಿನಂತಾಗುತ್ತದೆ, ಗಂಟಲಿನ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಬಣ್ಣಕ್ಕಿಂತ ಮೊದಲು ಆಕಾರ ಬರೆದುಕೋ: ಗುಬ್ಬಿ, ಗೊರವಂಕ, ಪಾರಿವಾಳ, ಕಾಗೆ, ಈ ನಾಲ್ಕರಲ್ಲಿ ಯಾವುದರಷ್ಟಿದೆ, ಕೊಕ್ಕು ಹೇಗಿದೆ, ಬಾಲ ಎತ್ತುತ್ತದೆಯೋ ಆಡಿಸುತ್ತದೆಯೋ.

ಹೊರಗೆ ಹೋಗುವುದಾದರೆ ಕುಕ್ಕರಹಳ್ಳಿ ಕೆರೆ ನಿನ್ನ ಮನೆಗೆ ಹತ್ತಿರವೇ. ಆರೂಕಾಲಕ್ಕೆ ಅಲ್ಲಿರು, ಎಂಟೂವರೆಗೆ ಮುಗಿಸು. ಗಂಟೆಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆದರೆ ಅದು ವಾಕಿಂಗ್ ಆಗುತ್ತದೆ. ಸೂರ್ಯ ಬೆನ್ನಿಗಿರಲಿ, ಬೆಳಕಿಗೆ ಎದುರಾಗಿ ನೋಡಿದ ಹಕ್ಕಿಯೆಲ್ಲ ಕಾಗೆಯ ಬಣ್ಣವೇ. ಹೂಬಿಟ್ಟ ಮುತ್ತುಗವೋ ಹಣ್ಣು ಬಿಟ್ಟ ಆಲವೋ ಸಿಕ್ಕರೆ ಅಲ್ಲೇ ಅರ್ಧ ಗಂಟೆ ನಿಲ್ಲು, ಸುತ್ತಾಡಿದ್ದಕ್ಕಿಂತ ಹೆಚ್ಚು ಕಾಣುತ್ತದೆ. ಮಾವಿನ ಮರದಲ್ಲಿ ಬದನಿಕೆ ಎಂಬ ಪರಾವಲಂಬಿ ಗಿಡ ಬೆಳೆದಿದ್ದರೆ ಅದರ ಹಣ್ಣಿಗೆ ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿ ಬಂದೇ ಬರುತ್ತದೆ. ಚಾಮುಂಡಿಬೆಟ್ಟದ ಮೆಟ್ಟಿಲಿಗೆ ವಾರದ ನಡುವೆ ಹೋಗು, ಭಾನುವಾರ ಜನ ಹೆಚ್ಚು. ಕೋತಿಗಳಿವೆ, ಕೈಯಲ್ಲಿ ತಿಂಡಿ ಬೇಡ. ಅಶ್ವಿನಿ, ಭರಣಿ ಮಳೆ ಬಿದ್ದ ಮರುದಿನ ರೆಕ್ಕೆ ಬಂದ ಗೆದ್ದಲು ಏಳುತ್ತದೆ, ಅದನ್ನು ತಿನ್ನಲು ಹಕ್ಕಿಗಳೇ ಬರುತ್ತವೆ, ಆಗ ಎಲ್ಲಿಗೂ ಹೋಗದೆ ಹಿತ್ತಿಲಲ್ಲೇ ಇರು.

1940ರಲ್ಲಿ ಸಲೀಂ ಅಲಿಯವರ ಸಲಹೆಯ ಮೇಲೆ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಈಗ ಬಣ್ಣದ ಕೊಕ್ಕರೆಗಳು ಗೂಡಿನಲ್ಲಿರುತ್ತವೆ, ಬೆಳಗಿನ ಮೊದಲ ದೋಣಿಗೇ ಹೋಗು. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯ ಬಳಿ ವಸಂತದಲ್ಲಿ ನಿಜಕ್ಕೂ ಬರುವ ಅತಿಥಿಯೊಂದಿದೆ: ನೀಲಿಬಾಲದ ಕಳ್ಳಿಪೀರ. ಕಾವೇರಿ ಬಯಲಿನ ಮರಳುಮಣ್ಣಿನ ದಂಡೆಯಲ್ಲಿ ತೋಳುದ್ದಕ್ಕಿಂತ ಆಳವಾದ ಬಿಲ ಕೊರೆದು ಮರಿ ಮಾಡುತ್ತದೆ. ದಂಡೆಯ ಮೇಲ್ಭಾಗದಲ್ಲಿ ಕಾಲಿಡಬೇಡ, ನಿನ್ನ ಭಾರಕ್ಕೆ ಒಳಗಿನ ಬಿಲ ಕುಸಿಯುತ್ತದೆ. ಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು ಬಿಲಕ್ಕೆ ಇಳಿಯದೆ ತಂತಿಯ ಮೇಲೇ ಕೂತಿದ್ದರೆ ನೀನು ತೀರ ಹತ್ತಿರ ಬಂದಿದ್ದೀಯ ಅಂತಲೇ ಅರ್ಥ, ಹಿಂದೆ ಸರಿ.

ಕೊನೆಗೆ ನೋಟ್‌ಬುಕ್. ತಾರೀಖು, ಹೊತ್ತು, ಮೋಡವೋ ಬಿಸಿಲೋ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು, ಇಷ್ಟು ಸಾಕು. ದಿನಕ್ಕೆ 15 ನಿಮಿಷ, ಹಿತ್ತಿಲಿನ ಅದೇ ಮೆಟ್ಟಿಲು, ಅದೇ ಹೊತ್ತು. ನಿನ್ನ ಹಿತ್ತಿಲಿನ ಮರದ ನೆತ್ತಿಯಲ್ಲಿ ಚಿಸ್ವೀ ಎಂದು ಆಗಾಗ ಕೇಳುವ ಹಸಿರು ಉಲಿಯಕ್ಕಿ ಹಿಮಾಲಯದಿಂದಲೋ ಅದಕ್ಕೂ ಆಚೆಯಿಂದಲೋ ಬಂದದ್ದು. ಏಪ್ರಿಲ್ ಕಳೆಯುವಷ್ಟರಲ್ಲಿ ಅದು ಇರುವುದಿಲ್ಲ. ಬಂದ ದಿನ ಎಲ್ಲರಿಗೂ ಗೊತ್ತಾಗುತ್ತದೆ, ಹೋದ ದಿನ ಮಾತ್ರ ಇವತ್ತು ಇದೆ, ಇವತ್ತು ಇದೆ ಎಂದು ದಿನವೂ ಬರೆದವರಿಗಷ್ಟೇ ಸಿಗುತ್ತದೆ. ನಾಳೆಯಿಂದಲೇ ಅದಕ್ಕೊಂದು ಪುಟ ಬಿಡು. ಮೂರು ದಿನ ಸತತವಾಗಿ ಕೇಳದಿದ್ದರೆ ಕೊನೆಯ ತಾರೀಖಿನ ಕೆಳಗೆ ಗೆರೆ ಎಳೆದು ನನಗೆ ಫೋನ್ ಮಾಡು.

ನಿನ್ನ,
ಅಮ್ಮ