ಅಟ್ಟವಲ್ಲ ಸ್ವಾಮಿ, ಹಿಂಬದಿಯ ಮನೆ!

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ನಾಜಿಗಳು ಹಿಡಿದಿದ್ದ ಹಾಲೆಂಡಿನಲ್ಲಿ ಅಡಗಿದ್ದ ಆನ್ ಫ್ರಾಂಕ್ ಮತ್ತು ಜೊತೆಯವರ ಕುರಿತ ಗ್ರಂಥಾಲಯದ ಪ್ರದರ್ಶನದ ಬಗ್ಗೆ ನಿನ್ನೆ ನೀವು ಹಾಕಿದ ವರದಿಯಲ್ಲಿ ಮುಖ್ಯ ಅತಿಥಿಗಳ ಮಾತು ಹಾಗೇ ಅಚ್ಚಾಗಿದೆ: ಎಂಟು ಯಹೂದಿಗಳು ‘ಅಟ್ಟದಲ್ಲಿ ಎರಡು ವರ್ಷ ಸುಮ್ಮನೆ ಕೂತಿದ್ದರು’. ಹತ್ತೂವರೆಗೆ ಕರೆದು, ಒಂದು ಗಂಟೆಗೆ ದೀಪ ಹಚ್ಚಿ, ಕೆಟ್ಟ ಮೈಕು, ತಿರುಗದ ಫ್ಯಾನು, ಇಷ್ಟೆಲ್ಲ ಸಹಿಸಿ ಕೇಳಿದ್ದು ಇದನ್ನೇ.

ಸುಮ್ಮನೆ ಕೂರುವುದೇನು ಸುಲಭವೇ? ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಕ್ಟ್ 263ರಲ್ಲಿ ಅವರಿದ್ದದ್ದು ಕಚೇರಿಯ ಹಿಂಬದಿಯ ಮನೆಯಲ್ಲಿ. ಅಟ್ಟ ಅದರ ಒಂದು ಭಾಗ ಅಷ್ಟೇ. ಕೆಳಗೆ ಗೋದಾಮು. ಅಲ್ಲಿನ ಆಳುಗಳಿಗೆ ಗುಟ್ಟು ತಿಳಿಯಬಾರದು. ಅವರು ಇರುವಷ್ಟು ಹೊತ್ತು ಕಕ್ಕಸಿಗೆ ನೀರು ಬಿಡುವಂತಿಲ್ಲ, ಬೂಟು ಹಾಕಿ ಓಡಾಡುವಂತಿಲ್ಲ. ಕಸ ಸುಟ್ಟರೆ ಬೇಸಿಗೆಯಲ್ಲಿ ಚಿಮಣಿಯ ಹೊಗೆ ಅನುಮಾನ ಹುಟ್ಟಿಸುತ್ತದೆ. ಬಾಗಿಲು ಮರೆಸಲು ಕೀಲಿನ ಮೇಲೆ ತಿರುಗುವ ಪುಸ್ತಕದ ಕಪಾಟು ಕೂರಿಸಿದ ಮೇಲಂತೂ ಬಗ್ಗಿ ಹಾರಿಯೇ ಇಳಿಯಬೇಕು. ಮೂರೇ ದಿನಕ್ಕೆ ಎಲ್ಲರ ಹಣೆಯೂ ಬುಗುಟು. ಕಡೆಗೆ ಟವೆಲಿಗೆ ಮರದ ಹೊಟ್ಟು ತುಂಬಿ ಚೌಕಟ್ಟಿಗೆ ಮೊಳೆ ಹೊಡೆದರು. ಪ್ರದರ್ಶನದ ಫಲಕದಲ್ಲಿ ಇದ್ಯಾವುದೂ ಇಲ್ಲ. ಪ್ರಾಯೋಜಕರ ಹೆಸರು ಮಾತ್ರ ಎರಡು ಸಲ ಇದೆ.

‘ಊಟ ಅಕ್ಕಪಕ್ಕದವರು ಕೊಟ್ಟರು’ ಎಂದೂ ಅಂದರು ಅತಿಥಿಗಳು! ಪಡಿತರ ಕೂಪನ್ ಇಲ್ಲದೆ ಬ್ರೆಡ್ಡೂ ಸಿಗದ ಕಾಲವದು. ಅಡಗಿದವರು ಹೋಗಿ ಕೂಪನ್ ಕೇಳುವುದುಂಟೇ? ಹೊರಗಿನ ಸಹಾಯಕರು ಕಳ್ಳಸಂತೆಯಿಂದ ಹೊಂದಿಸಬೇಕಿತ್ತು. ತರಕಾರಿ ಕೊಡುತ್ತಿದ್ದ ಅಂಗಡಿಯಾತ ತನ್ನ ಮನೆಯಲ್ಲೂ ಇಬ್ಬರು ಯಹೂದಿಗಳನ್ನು ಬಚ್ಚಿಟ್ಟಿದ್ದ. 1944ರ ಮೇ ತಿಂಗಳಲ್ಲಿ ಅವನು ಸಿಕ್ಕಿಬಿದ್ದ ಮೇಲೆ ಇವರು ಬೆಳಗಿನ ತಿಂಡಿಯನ್ನೇ ಬಿಟ್ಟರು.

ಗುರುತಿನ ಚೀಟಿಯದ್ದು ಇನ್ನೊಂದು ಪೀಕಲಾಟ. ಅದನ್ನು ರೂಪಿಸಿದವನು ಜರ್ಮನ್ ಅಲ್ಲ, ಶ್ರದ್ಧಾವಂತ ಡಚ್ ಅಧಿಕಾರಿ: ಫೋಟೊ, ಬೆರಳಚ್ಚು, ಯಹೂದಿಯಾದರೆ ‘ಜೆ’ ಮುದ್ರೆ. ಚೀಟಿ ಖೋಟಾ ಮಾಡಿದರೂ ಊರಿನ ಜನರ ವಿವರ ಇಟ್ಟಿದ್ದ ನೋಂದಣಿ ಕಚೇರಿಯ ಕಾರ್ಡಿನೊಡನೆ ತಾಳೆ ನೋಡಿದರೆ ಮುಗಿಯಿತು. ಅದಕ್ಕೇ 1943ರ ಮಾರ್ಚ್ 27ರಂದು ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಪ್ರತಿರೋಧದವರು ಆಮ್‌ಸ್ಟರ್‌ಡ್ಯಾಮಿನ ಆ ಕಚೇರಿಗೇ ಬೆಂಕಿಯಿಟ್ಟರು. ಅಗ್ನಿಶಾಮಕದವರು ಬೇಕೆಂದೇ ತಡ ಮಾಡಿ, ಕಾರ್ಡುಗಳು ತೊಯ್ದು ಹಾಳಾಗಲೆಂದು ನೀರು ಸುರಿದರು. ಸರ್ಕಾರಿ ವಿಳಂಬ ಎಂದರೆ ಅದು! ಆದರೂ ಹೆಚ್ಚಿನ ಕಾರ್ಡುಗಳು ಉಳಿದುಬಿಟ್ಟವು.

ನಮ್ಮಲ್ಲಿನ ವಿಳಂಬಕ್ಕೆ ಅಷ್ಟು ಘನ ಉದ್ದೇಶವಿಲ್ಲ. ಹೋದ ವರ್ಷದ ಫಲಕದಲ್ಲಿ ಹಾಲೆಂಡ್ ಜರ್ಮನಿಯೊಳಗಿತ್ತು. ಮನವಿ ಕೊಟ್ಟದ್ದಕ್ಕೆ ಸ್ವೀಕೃತಿ ಚೀಟಿ ಇವತ್ತಿಗೂ ಬಂದಿಲ್ಲ. ರಸ್ತೆ ಅಗೆದವರು, ನಲ್ಲಿ ಕೊಡದವರು, ಎಲ್ಲರೂ ಒಂದೇ ಜಾತಕದವರು.

ಫಲಕ ತಿದ್ದಿಸಲಿ, ಇಲ್ಲವೇ ಪ್ರದರ್ಶನವನ್ನೇ ಎತ್ತಿಬಿಡಲಿ. ನೀವಾದರೂ ಅತಿಥಿಗಳು ಹೇಳಿದ್ದನ್ನೆಲ್ಲ ಅಚ್ಚು ಹಾಕುವ ಮೊದಲು ಒಂದು ಪುಸ್ತಕ ತೆರೆದು ನೋಡಬಾರದಿತ್ತೇ? ಅದೇ ಗ್ರಂಥಾಲಯದಲ್ಲಿತ್ತಲ್ಲ! ಆ ಫ್ಯಾನನ್ನೂ ರಿಪೇರಿ ಮಾಡಿಸಲಿ.

— ಬೇಸತ್ತ ಓದುಗ