ಗೆಳೆಯನಿಗೊಂದು ಪತ್ರ: ಮತ್ತೆ ಸಾಕ್ ಸೆವೆನ್

ದೋಸ್ತ,

ಫೋನ್ ಮಾಡಿದರೆ ನೀನು ಎತ್ತಲ್ಲ. ಅದಕ್ಕೇ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಹಳದಿ ಹೆಲ್ಮೆಟ್ ವಿಷಯ ತೆಗೆಯಲ್ಲ, ಹೆದರಬೇಡ.

ನಾನಿನ್ನೂ ಬಳ್ಳಾರಿಯಲ್ಲೇ, ಕೂಲರ್ ಮುಂದೆ ಕೂತು ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರ್ ಕಾಯುತ್ತಿದ್ದೇನೆ. ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನೆ. ಒಳ್ಳೆಯವನೇ. ಆದರೆ ರಾತ್ರಿ ತಾನಾಗೇ ಓಡೋ ಬ್ಯಾಚ್ ಜಾಬ್ ಅರ್ಧಕ್ಕೇ ಬಿದ್ದುಹೋದಾಗಲೆಲ್ಲ ಒಂದೇ ಪ್ರಶ್ನೆ: "ಅಣ್ಣ, ಸಾಕ್ ಸೆವೆನ್ ಬಂದಿದೆ, ಯಾಕೆ?" ಸಾಕ್ ಸೆವೆನ್ (S0C7) ಅಂದರೆ, ನಂಬರ್ ಇರಬೇಕಾದ ಕಡೆ ಬೇರೇನೋ ಕಂಡು ಮಷೀನು ಜಾಬ್ ನಿಲ್ಲಿಸಿದಾಗ ತೋರಿಸೋ ಎರರ್ ಕೋಡು.

ಮೊದಮೊದಲು ನೆಟ್ಟಗೆ ಉತ್ತರ ಕೊಟ್ಟೆ. ಆಮೇಲೆ ಬಾಯಿಗೆ ಬಂದಿದ್ದು. "ನಿನ್ನ ಜಾತಕದಲ್ಲಿ ಏಳನೇ ಮನೆ ಕೆಟ್ಟಿದೆ, ಮದುವೆ ಆಗು." "ನಂಬರ್ ಕೂರೋ ಸೀಟಿಗೆ ಸ್ಪೇಸ್ ಬಂದು ಟವೆಲ್ ಹಾಕಿದೆ, ಹೊಸಪೇಟೆ ಬಸ್ ಹತ್ತಿಲ್ವಾ?" ಇನ್ನೊಮ್ಮೆ, "ನಮ್ಮೂರ ಕೋಟೆ ಕುಂಬಾರ ಗುಡ್ಡಕ್ಕಿಂತ ತಗ್ಗಾಯ್ತು ಅಂತ ಹೈದರಾಲಿ ಫ್ರೆಂಚ್ ಇಂಜಿನಿಯರನ್ನೇ ನೇಣಿಗೆ ಹಾಕಿಸಿದ ಅಂತಾರೆ. ನಿಂದು ಜಾಬ್ ಒಂದೇ ಸತ್ತಿರೋದು, ಖುಷಿಪಡು." ಗ್ರೂಪಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಇಲ್ಲದ ಮೀಸೆ ತಿರುವಿದೆ.

ಮೊನ್ನೆ ಮ್ಯಾನೇಜರ್, "ಉತ್ತರ ಬರೆದಿಟ್ಟುಬಿಡಿ, ಮತ್ತೆ ಯಾರೂ ನಿಮ್ಮನ್ನ ಕೇಳಬಾರದು" ಅಂದರು. ಬರೆಯೋಕೆ ಕೂತೆ. ಒಂದು ಬೈಟಿನಲ್ಲಿ ಎರಡು ಅಂಕೆ ತುಂಬಿ ನಂಬರ್ ಇಡೋ ಕಾಂಪ್-3 ಫೀಲ್ಡಿನಲ್ಲಿ ಕೊನೆಯ ಅರ್ಧ ಬೈಟು ಚಿಹ್ನೆಗೆ ಮೀಸಲು. ಪ್ಲಸ್ಸಿಗೆ ಸಿ, ಮೈನಸ್ಸಿಗೆ ಡಿ. ಅಕ್ಷರಗಳಿಗೆ ಮೇನ್‌ಫ್ರೇಮ್ ಬಳಸೋ ಎಬ್ಸಿಡಿಕ್ ಸಂಕೇತದಲ್ಲಿ ಸ್ಪೇಸ್ ಅಂದರೆ ಹೆಕ್ಸ್ 40. ಫೈಲಿನಲ್ಲಿ ನಂಬರ್ ಬದಲು ಸ್ಪೇಸ್ ಬಂತೋ, ಸಿ, ಡಿ ಇರಬೇಕಾದ ಕಡೆ 0 ಕೂತಿರುತ್ತೆ. ಕೂಡೋಕೆ ಹೋದ ಮಷೀನು ಅಲ್ಲೇ ಕೈಚೆಲ್ಲುತ್ತೆ. ಬೈಟುಗಳನ್ನ ಬಿಚ್ಚಿ ತೋರಿಸೋ ಹೆಕ್ಸ್ ಆನ್ ಕಮಾಂಡ್ ಕೊಟ್ಟು ಆ ಜಾಗ ನೋಡಿದರೆ ಮೇಲೆ 4, ಕೆಳಗೆ 0. 1964ರಲ್ಲಿ ಐಬಿಎಂ ಸಿಸ್ಟಮ್/360 ತಂದ ಕಾಲದಿಂದಲೂ ಇದೇ ಕಥೆ.

ಅಷ್ಟೇ ಕಣೋ. ಅರ್ಧ ಪುಟವೂ ತುಂಬಲಿಲ್ಲ. ಇಷ್ಟು ವರ್ಷ ಈ ಅರ್ಧ ಪುಟದ ಮೇಲೇ ಅಣ್ಣ ಅನ್ನಿಸಿಕೊಂಡೆನಾ? ರಾತ್ರಿ ಎರಡಕ್ಕೆ ಫೋನ್ ಬಂದರೆ ಬೈಯ್ಯುತ್ತಲೇ ಏಳುತ್ತಿದ್ದೆ. ನಿಜ ಹೇಳಲಾ? ಎಷ್ಟೋ ಸಲ ಎಚ್ಚರವಾಗೇ ಇರುತ್ತಿದ್ದೆ. ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲ್ಲ. ಮಗಳು ಲೆಕ್ಕವನ್ನೂ ಮೊಬೈಲಿಗೇ ಕೇಳುತ್ತಾಳೆ. ಅವನೂ ಕಲಿತುಬಿಟ್ಟರೆ ಆ ಹೊತ್ತಿನಲ್ಲಿ ನಾನು ಯಾರ ಮೇಲೆ ರೇಗಲಿ?

ಥೂ, ಇಷ್ಟೆಲ್ಲ ಬರೆಯೋದಿರಲಿಲ್ಲ. ಅತ್ತಿಗೆ ಓದಿ "ಅಯ್ಯೋ ಪಾಪ" ಅಂದರೆ ನನ್ನ ಮರ್ಯಾದೆ ಹರಾಜಾಗುತ್ತೆ.

ಪುಟ ಕಳಿಸಿದೆ. ಹುಡುಗ ಹೆಬ್ಬೆರಳು ಒತ್ತಿದ. ಸ್ವಲ್ಪ ಹೊತ್ತಿಗೆ ಮೆಸೇಜು: "ಸೂಪರ್ ಅಣ್ಣ. ಆ ಹೆಕ್ಸ್ ಆನ್ ಎಲ್ಲಿ ಟೈಪ್ ಮಾಡೋದು?"

ಇನ್ನೂ ಉತ್ತರ ಕೊಟ್ಟಿಲ್ಲ. ಒಳ್ಳೆಯದೊಂದು ಹೊಳೆದರೆ ಬೇಗ ಕಳಿಸು.

ನಿನ್ನ ದೋಸ್ತ